ಮಳೆಗಾಲದಲ್ಲಿ ನೀಲಿಯನ್ನು ನೋಡಿ

ಸಂಪಾದಕರ ಉತ್ತರ

ಸಾಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಗೆಳತಿಯ ಮಗಳ ಮದುವೆಗೆಂದು ಮಲೆನಾಡಿನ ಒಂದು ಚಿಕ್ಕ ಹಳೇ ಚರ್ಚಿಗೆ ಹೋಗಿದ್ದರಂತೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿಯ ಬಣ್ಣದ ಗಾಜಿನಿಂದ ಕೆಂಪು ಬೆಳಕು ಬಂದು ಅವರ ಸೆರಗಿನ ಮೇಲೆ ಕೂತಿತಂತೆ. ಮುಸ್ಸಂಜೆಗೆ ಮತ್ತೆ ಒಳಗೆ ಹೋದರೆ ಕೆಂಪು ಕಪ್ಪಾಗಿತ್ತು, ನೀಲಿ ಮಾತ್ರ ಹೊಳೆಯುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದ್ದಾರೆ. ಚಿತ್ರದ ನಡುವೆ ಹಾಯುವ ಕಪ್ಪು ಗೆರೆಗಳು ಇಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತಲ್ವಾ? ಹಳೇ ಗಾಜು ನಿಧಾನವಾಗಿ ಕೆಳಗೆ ಹರಿಯುತ್ತದೆ ಅನ್ನೋದು ನಿಜವಾ? ಕ್ರೈಸ್ತರಲ್ಲದ ನಾವು ಇದನ್ನು ಹೇಗೆ ನೋಡಬೇಕು? ಕೊನೆಗೆ ಒಂದು ಆತಂಕದ ಮಾತೂ ಇದೆ. ಮಳೆನೀರು ಸೋರುತ್ತದೆ ಅಂತ ಈ ಗಾಜನ್ನು ತೆಗೆದು, ಬಿಳಿ ಗಾಜು ಹಾಕಿ, ಅದರ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸುವ ಯೋಚನೆ ಅಲ್ಲಿಯವರಿಗಿದೆಯಂತೆ.

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಹೊಸನಗರದ ಕಡೆಯ ನಮ್ಮ ಅಜ್ಜಿ ಮನೆಯ ಅಡುಗೆಕೋಣೆ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಒಲೆ ಹೊತ್ತಿಸಿದಾಗ ಆ ಹೆಂಚಿನಿಂದ ಇಳಿದ ಬಿಸಿಲು ಹೊಗೆಯಲ್ಲಿ ಕೋಲಿನ ಹಾಗೆ ನಿಲ್ಲುತ್ತಿತ್ತು. ನಾವು ಮಕ್ಕಳು ಕೈಚಾಚಿ ಅದನ್ನು ಹಿಡಿಯೋಕೆ ನೋಡುತ್ತಿದ್ದೆವು. ಹೊತ್ತು ಏರಿದ ಹಾಗೆ ಆ ಬೆಳಕಿನ ತುಂಡು ಗೋಡೆ ಇಳಿದು, ನೆಲ ದಾಟಿ, ಒರಳಿನ ತನಕ ಹೋಗುತ್ತಿತ್ತು. ಅಜ್ಜಿಗೆ ಅದೇ ಗಡಿಯಾರ.

ಬಣ್ಣದ ಗಾಜನ್ನು ನೋಡೋದಕ್ಕೆ ಅಷ್ಟು ಗೊತ್ತಿದ್ದರೆ ಸಾಕು, ಶುರು ಮಾಡಬಹುದು. ಗೋಡೆಯ ಚಿತ್ರದ ಮೇಲೆ ಬೆಳಕು ಬೀಳುತ್ತದೆ. ಇಲ್ಲಿ ಬೆಳಕು ಚಿತ್ರವನ್ನು ಹಾದು ಬರುತ್ತದೆ. ಬೆಳಕು ಬದಲಾದರೆ ಚಿತ್ರವೇ ಬದಲಾಯಿತು. ಹಗಲಲ್ಲಿ ಹೊರಗಿನಿಂದ ನೋಡಿದರೆ ಇದೇ ಕಿಟಕಿ ಮಸಿ ಹಿಡಿದ ಹಾಗೆ ಕಾಣುತ್ತದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ನನಗೆ ಹಾಗೇ ಆಗಿತ್ತು. ಹೊರಗಿನಿಂದ ನೋಡಿ, ಏನೂ ವಿಶೇಷ ಇಲ್ಲ ಅಂದುಕೊಂಡು ಒಳಗೆ ಕಾಲಿಟ್ಟೆ. ಆಮೇಲೆ ಅರ್ಧ ಗಂಟೆ ಹೊರಗೆ ಬರಲಿಲ್ಲ.

ಈಗ ನಿಮ್ಮ ಕೆಂಪು ಎಲ್ಲಿ ಹೋಯಿತು ಅಂತ ನೋಡೋಣ. ನಿಮ್ಮ ಅಂಗಳದಲ್ಲಿ ದಾಸವಾಳ ಇದ್ದೇ ಇರುತ್ತದೆ. ಮುಸ್ಸಂಜೆಗೆ ಅದರ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಹಗಲಿಡೀ ಕಣ್ಣು ಕುಕ್ಕುತ್ತಿದ್ದ ಹೂವು ಮೊದಲು ಕಪ್ಪಾಗುತ್ತದೆ. ಎಲೆ ಮಾತ್ರ ಇನ್ನೂ ಕಾಣುತ್ತಿರುತ್ತದೆ. ಬೆಳಕು ಕಮ್ಮಿಯಾದಾಗ ನಮ್ಮ ಕಣ್ಣಿಗೆ ಕೆಂಪು ಕಾಣೋದು ಕಮ್ಮಿಯಾಗುತ್ತದೆ, ನೀಲಿ ಮತ್ತು ಹಸಿರು ಎದ್ದು ಕಾಣುತ್ತವೆ. ಇದನ್ನು 19ನೇ ಶತಮಾನದಲ್ಲಿ ಗಮನಿಸಿ ಬರೆದವನು ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ. ಅವನಿಗೂ ಇದು ಹೊಳೆದದ್ದು ಹೂವು ನೋಡುವಾಗಲೇ. ಹಾಗಾಗಿ ಕೆಂಪು ನೋಡಬೇಕಾದರೆ ಬಿಸಿಲಲ್ಲಿ ಹೋಗಿ. ನೀಲಿ ನೋಡಬೇಕಾದರೆ ನಮ್ಮ ಮಳೆಗಾಲಕ್ಕಿಂತ ಒಳ್ಳೇ ಕಾಲ ಇಲ್ಲ. ಮೋಡ ಕವಿದ ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ, ಒಳಗೆ ದೀಪ ಹಾಕಿರಬಾರದು. ಒಂದು ಐದು ನಿಮಿಷ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಆಮೇಲೆ ತಲೆ ಎತ್ತಿ ನೋಡಿ.

ಆ ಬಣ್ಣ ಗಾಜಿಗೆ ಹಚ್ಚಿದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ, ಹೆಚ್ಚಿನ ಬಣ್ಣ ಗಾಜಿನ ಒಳಗೇ ಇರುತ್ತದೆ. ಯುರೋಪಿನ ಹಳೇ ಕೆಲಸಗಾರರು ಮರಳಿಗೆ ಬೀಚ್ ಎಂಬ ಅಲ್ಲಿಯ ಕಾಡುಮರದ ಬೂದಿ ಬೆರೆಸಿ ಕುಲುಮೆಯಲ್ಲಿ ಕರಗಿಸುತ್ತಿದ್ದರು. ನಮ್ಮ ಬಚ್ಚಲೊಲೆಯ ಬೂದಿ ಪಾತ್ರೆಯ ಜಿಡ್ಡು ತೆಗೆಯುತ್ತಲ್ಲ, ಆ ಬೂದಿಯ ಕ್ಷಾರವೇ ಅಲ್ಲಿ ಮರಳು ಬೇಗ ಕರಗುವ ಹಾಗೆ ಮಾಡುತ್ತಿತ್ತು. ಕರಗಿದ ಗಾಜಿಗೆ ಕೋಬಾಲ್ಟ್ ಸೇರಿಸಿದರೆ ನೀಲಿ. ಮ್ಯಾಂಗನೀಸ್ ಸೇರಿಸಿದರೆ ನೇರಳೆ. ತಾಮ್ರದ ಕಥೆ ಇನ್ನೂ ಚೆಂದ. ಕುಲುಮೆಗೆ ಗಾಳಿ ಚೆನ್ನಾಗಿ ಆಡಿದರೆ ಹಸಿರು, ಗಾಳಿ ಕಟ್ಟಿದರೆ ಅದೇ ತಾಮ್ರ ಕೆಂಪು. ಆ ಕೆಂಪು ಎಷ್ಟು ಗಾಢ ಅಂದರೆ, ಇಡೀ ಗಾಜೇ ಕೆಂಪಾದರೆ ಬೆಳಕೇ ಹಾಯುವುದಿಲ್ಲ. ಅದಕ್ಕೇ ಬಿಳಿ ಗಾಜಿನ ಮೇಲೆ ದೋಸೆ ಹುಯ್ದ ಹಾಗೆ ತೆಳ್ಳಗೆ ಒಂದು ಕೆಂಪು ಪದರ ಹಿಡಿಸುತ್ತಿದ್ದರು. ನಿಮ್ಮ ಸೆರಗಿಗೆ ಬಂದ ಕೆಂಪು ಹಾದು ಬಂದದ್ದು ಬಹುಶಃ ಅಂಥದ್ದೇ ಒಂದು ಪದರವನ್ನು.

ಮುಖ, ಬೆರಳು, ಬಟ್ಟೆಯ ನಿರಿಗೆಗಳನ್ನು ಮಾತ್ರ ಕುಂಚದಲ್ಲೇ ಬರೆಯುತ್ತಾರೆ. ಲೋಹದ ಕಪ್ಪು ಪುಡಿ ಮತ್ತು ಗಾಜಿನ ಪುಡಿ ಕಲಸಿದ ಬಣ್ಣ ಅದು. ಬರೆದ ಮೇಲೆ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟರೆ ಗಾಜಿಗೆ ಕಚ್ಚಿಕೊಳ್ಳುತ್ತದೆ. 14ನೇ ಶತಮಾನದ ಶುರುವಿನಲ್ಲಿ ಇನ್ನೊಂದು ವಿದ್ಯೆ ಕೈಗೆ ಬಂತು. ಬೆಳ್ಳಿಯ ಲವಣ ಹಚ್ಚಿ ಸುಟ್ಟರೆ ಗಾಜು ಹಳದಿಯಾಗುತ್ತದೆ. ಹಲಸಿನ ಮೇಣ ಬಟ್ಟೆಗೆ ಹಿಡಿದ ಹಾಗೆ ಗಾಜಿಗೆ ಕಲೆ ಹಿಡಿಯುತ್ತದೆ, ಮತ್ತೆ ಹೋಗುವುದಿಲ್ಲ. ದೇವದೂತರ ಕೂದಲು, ಕಿರೀಟ ಎಲ್ಲ ಹೊಂಬಣ್ಣ ಆದದ್ದು ಈ ಬೆಳ್ಳಿಯಿಂದ.

ಇನ್ನು ಕಪ್ಪು ಗೆರೆ. ಅದರ ಪರವಾಗಿ ನಾನು ವಾದ ಮಾಡಲೇಬೇಕು. ಅದು ಸೀಸದ ಪಟ್ಟಿ. ಎರಡೂ ಬದಿಯಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ, ಗಾಜಿನ ಅಂಚು ಅದರಲ್ಲಿ ಕೂರುತ್ತದೆ. ಪಟ್ಟಿ ಸೇರುವ ಕಡೆಯೆಲ್ಲ ಬೆಸುಗೆ. ಸೀಸ ಮೆತ್ತಗಿನ ಲೋಹ, ಹೇಗೆ ಬೇಕೋ ಹಾಗೆ ಬಾಗುತ್ತದೆ. ಅದಿಲ್ಲದೆ ಕಿಟಕಿ ನಿಲ್ಲುವುದಿಲ್ಲ, ಅದು ಸರಿ. ಆದರೆ ಒಳ್ಳೇ ಕೆಲಸಗಾರ ಆ ಗೆರೆಯನ್ನು ಬಚ್ಚಿಡಲು ಹೋಗುವುದಿಲ್ಲ, ಅದರಿಂದಲೇ ಚಿತ್ರ ಬರೆಯುತ್ತಾನೆ. ನಿಮ್ಮ ಸಾಗರದ ಕಡೆಯ ದೀವರ ಮನೆಗಳ ಹಸೆ ಚಿತ್ತಾರ ನೀವು ನೋಡಿಯೇ ಇರುತ್ತೀರಿ. ಕೆಮ್ಮಣ್ಣಿನ ಗೋಡೆ, ಪುಂಡಿನಾರಿನ ಕುಂಚ, ಅಕ್ಕಿಹಿಟ್ಟಿನ ಬಿಳಿ ಗೆರೆ. ಆ ಗೆರೆ ಅಳಿಸಿದರೆ ಉಳಿಯೋದೇನು? ಇಲ್ಲೂ ಅಷ್ಟೇ. ಮುಂದಿನ ಸಲ ಬಣ್ಣ ಮರೆತು ಬರೀ ಸೀಸವನ್ನೇ ಹಿಂಬಾಲಿಸಿ ನೋಡಿ. ಗೆರೆ ಭುಜದ ಅಂಚಲ್ಲಿ ಹಾದಿದೆಯಾ, ನಿರಿಗೆಯ ಜೊತೆ ಇಳಿದಿದೆಯಾ, ಇಲ್ಲಾ ಮುಖವನ್ನೇ ಸೀಳಿದೆಯಾ? ಮುಖದ ನಡುವೆ ಗೆರೆ ಇದ್ದರೆ ಅದು ಮೂಲದ್ದಾಗಿರೋದು ಅಪರೂಪ. ಗಾಜು ಒಡೆದಾಗ ಯಾರೋ ಸೀಸ ಹಾಕಿ ಕೂಡಿಸಿರುತ್ತಾರೆ.

ಗಾಜು ಹರಿಯುವ ಮಾತು ನಿಜವಲ್ಲ. ಹಿಂದೆ ಬಾಯಿಂದ ಊದಿ ಮಾಡಿದ ಗಾಜು ಒಂದೇ ದಪ್ಪ ಇರುತ್ತಿರಲಿಲ್ಲ, ಅಷ್ಟೇ. ದಪ್ಪ ಭಾಗ ಮೇಲಕ್ಕೆ ಬಂದಿರುವ ಹಳೇ ಗಾಜುಗಳೂ ಇವೆ. ಆ ಏರುಪೇರು ಮತ್ತು ಒಳಗಿನ ಸಣ್ಣ ಗುಳ್ಳೆಗಳಿಂದಲೇ ಬೆಳಕು ಅಲ್ಲಲ್ಲಿ ಮಿನುಗುವುದು.

ಕ್ರೈಸ್ತರಲ್ಲದವರು ಹೇಗೆ ನೋಡಬೇಕು ಎಂದು ಸಂಕೋಚ ಬೇಡ. ಇಕ್ಕೇರಿಗೆ ಹೋದರೆ ನಾವು ಶಂಖ ಚಕ್ರ ಕಂಡರೆ ವಿಷ್ಣು, ತ್ರಿಶೂಲ ಡಮರು ಕಂಡರೆ ಶಿವ ಅಂತ ಗುರುತು ಹಿಡಿಯುತ್ತೇವಲ್ಲ, ಇಲ್ಲೂ ಅದೇ ದಾರಿ. ಕೈಯಲ್ಲಿ ಬೀಗದ ಕೈ ಇದ್ದರೆ ಸಂತ ಪೀಟರ್. ಕತ್ತಿ ಇದ್ದರೆ ಸಾಮಾನ್ಯವಾಗಿ ಪೌಲ್. ಯೇಸುವಿನ ಕಥೆ ಬರೆದವರ ಗುರುತು ಪ್ರಾಣಿಗಳು: ರೆಕ್ಕೆಯ ಸಿಂಹ ಅಂದರೆ ಮಾರ್ಕ, ಎತ್ತು ಲೂಕ, ಹದ್ದು ಯೋಹಾನ. ಕಥೆ ಹೇಳುವ ಹಳೇ ಕಿಟಕಿಗಳನ್ನು ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಫ್ರಾನ್ಸಿನ ಶಾರ್ತ್ರ್ ಚರ್ಚಿನ ಕಿಟಕಿಗಳು ಬಹುಪಾಲು 13ನೇ ಶತಮಾನದ ಮೊದಲ ಭಾಗದವು. ಅಲ್ಲಿ ಕೆಳಗಿನ ಚೌಕಗಳಲ್ಲಿ ರೊಟ್ಟಿ ಮಾಡುವವರು, ಚಪ್ಪಲಿ ಹೊಲಿಯುವವರು, ಬಡಗಿಗಳು ಇದ್ದಾರೆ. ಸಂತರ ಕಾಲಬುಡದಲ್ಲೇ ಊರಿನ ಕೆಲಸಗಾರರು! ನನಗೆ ಆ ಚೌಕಗಳ ಮೇಲೆ ಪ್ರೀತಿ ಜಾಸ್ತಿ.

ಈಗ ಸ್ಟಿಕ್ಕರ್ ವಿಷಯ. ದಯವಿಟ್ಟು ಬೇಡ ಅಂತ ಹೇಳಿ. ಜಗಳ ಮಾಡಬೇಡಿ, ಕೂತು ಮಾತಾಡಿ. ಸೋರುವುದು ಸಾಮಾನ್ಯವಾಗಿ ಗಾಜಿನಿಂದಲ್ಲ, ಗಾಜಿಗೂ ಸೀಸಕ್ಕೂ ನಡುವೆ ತುಂಬಿದ ಲಪ್ಪ ಒಣಗಿ ಉದುರಿರುತ್ತದೆ. ಅಗಸೆ ಎಣ್ಣೆಯಲ್ಲಿ ಸುಣ್ಣಕಲ್ಲಿನ ನುಣ್ಣನೆ ಪುಡಿ ಕಲಸಿ ಮಾಡುವ ಲಪ್ಪ ಅದು. ಮತ್ತೆ ತುಂಬಬಹುದು. ಕಿಟಕಿ ಹೊಟ್ಟೆ ಉಬ್ಬಿದ ಹಾಗೆ ಬಾಗಿದ್ದರೆ ಮಾತ್ರ ಸೀಸ ಸೋತಿದೆ ಅಂತ ಅರ್ಥ. ಆಗ ಈ ಕೆಲಸ ಬಲ್ಲವರೇ ಬಂದು ಕಳಚಿ, ಅದೇ ಗಾಜಿಗೆ ಹೊಸ ಸೀಸ ಹಾಕಬೇಕು. ಕಳಚಿದರೆ ಹಾಳಾಗುತ್ತದೆ ಅಂತ ಹೆದರಬೇಕಿಲ್ಲ. ಶಾರ್ತ್ರ್‌ನ ಕಿಟಕಿಗಳನ್ನು ಎರಡನೇ ಮಹಾಯುದ್ಧಕ್ಕೆ ಮುಂಚೆ ಬಿಚ್ಚಿ ಪೆಟ್ಟಿಗೆಗಳಲ್ಲಿ ಸಾಗಿಸಿದ್ದರು. ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲೂ ಯುದ್ಧದ ಕಾಲಕ್ಕೆ ತೆಗೆದಿಟ್ಟ ಗಾಜುಗಳನ್ನು 1947ರಲ್ಲಿ ಮತ್ತೆ ಕೂರಿಸಿದರು.

ಕೆಲಸ ಶುರುವಾಗುವ ಮೊದಲು ನೀವೇ ಮಾಡಬಹುದಾದದ್ದೂ ಇದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಪ್ರತಿ ಕಿಟಕಿಯ ಫೋಟೋ ತೆಗೆಯಿರಿ. ಒಂದು ಮೂಲೆಯಲ್ಲಿ ಅಳತೆಪಟ್ಟಿ ಕಾಣುವ ಹಾಗಿರಲಿ. ಆಸಿಡ್ ಹಾಕಿ ತೊಳೆಯೋದು, ನಾರು ಹಾಕಿ ಉಜ್ಜೋದು ಬೇಡವೇ ಬೇಡ, ಮುಖದ ಗೆರೆಗಳೇ ಎದ್ದು ಹೋಗುತ್ತವೆ. ಸೀಸ ಮುಟ್ಟಿದ ಕೈ ಚೆನ್ನಾಗಿ ತೊಳೆಯದೆ ಊಟಕ್ಕೆ ಕೂರಬೇಡಿ. ಮಳೆಯ ಹೊಡೆತ ತಡೆಯಲು ಹೊರಗಡೆ ಇನ್ನೊಂದು ಸಾದಾ ಗಾಜು ಹಾಕಿಸಬಹುದು. ಆದರೆ ನಡುವೆ ಗಾಳಿಯಾಡಲು ಜಾಗ ಬಿಡಲೇಬೇಕು. ನಮ್ಮ ಮಲೆನಾಡಿನ ಥಂಡಿಗೆ ಗಾಳಿ ಕಟ್ಟಿದರೆ ಒಳಗೆಲ್ಲ ನೀರು ಬೆವರುತ್ತದೆ.

ಒಡೆದು ಬಿದ್ದ ನೀಲಿ ಚೂರೊಂದನ್ನು ಚರ್ಚು ನೋಡಿಕೊಳ್ಳುವ ಹಿರಿಯರು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ ಅಂತ ಬರೆದಿದ್ದೀರಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಚೂರು ಯಾವ ಕಿಟಕಿಯದ್ದು, ಯಾವ ಮೂಲೆಯದ್ದು ಅಂತ ಅವರನ್ನೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿಸಿ. ರಿಪೇರಿಗೆ ಬಂದವರು ಮೊದಲು ಕೇಳುವುದೇ ಅದನ್ನು.