ಶೇ. 4 ಮಾತು: ಎಐ ವರದಿ ಹಿಡಿದು ಬಂದ ಟೀಮ್ ಲೀಡ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಟೀಮ್ ಲೀಡ್. ತಂಡದಲ್ಲಿ ಎಂಟು ಜನ. ಆನ್‌ಲೈನ್ ಮೀಟಿಂಗ್‌ಗಳಲ್ಲಿ ಯಾರು ಎಷ್ಟು ಮಾತಾಡಿದರು, ಯಾರು ಯಾರ ಮಾತಿಗೆ ಅಡ್ಡ ಬಂದರು, ದನಿಯಲ್ಲಿ ಯಾವ ಭಾವವಿತ್ತು ಎಂದು ಎಐ ಸಾಧನವೊಂದು ವಾರಕ್ಕೊಮ್ಮೆ ವರದಿ ಕೊಡುತ್ತಿತ್ತು. ಒಬ್ಬ ಮಹಿಳಾ ಇಂಜಿನಿಯರ್ ಹೆಸರಿನ ಮುಂದೆ ಮಾತಿನ ಪಾಲು ಶೇ. 4 ಎಂದಿತ್ತು. “ಅವರು ಬಾಯೇ ಬಿಡಲ್ಲ ಮೇಡಂ. ಅಪ್ರೈಸಲ್‌ನಲ್ಲಿ ಬರೀಬಹುದಾ?”

ಮೊದಲು ಮೈಕ್ ಎಲ್ಲಿತ್ತೆಂದು ವಿಚಾರಿಸಲಾಯಿತು. ಆ ಇಂಜಿನಿಯರ್ ಸೇರಿ ನಾಲ್ವರು ಲೀಡ್ ಅವರ ಲ್ಯಾಪ್‌ಟಾಪ್ ಸುತ್ತ ಕೂರುತ್ತಿದ್ದರು. ಮಾತು ಯಾವ ಖಾತೆಯಿಂದ ಬಂತೋ ಆ ಹೆಸರಿಗೆ ಜಮೆ ಮಾಡುವ ಸಾಧನ ಅದು. ಹಾಗಾಗಿ ರೂಮಿನವರ ಮಾತೆಲ್ಲ ಲೀಡ್ ಲೆಕ್ಕಕ್ಕೆ ಹೋಗಿತ್ತು, ಆ ಶೇ. 4, ಆಕೆ ಮನೆಯಿಂದ ಸೇರಿದ ದಿನಗಳದ್ದು ಮಾತ್ರ. ಚಾಟ್‌ನಲ್ಲಿ ಬರೆದದ್ದು ಲೆಕ್ಕಕ್ಕೇ ಇಲ್ಲ. ನೆಟ್ ತಡವಾದಾಗ ಬಂದ “ಹೂಂ”, “ಸರಿ”ಗಳೂ ಅಡ್ಡಮಾತಿನ ಪಟ್ಟಿ ಸೇರಿದ್ದವು. ಕನ್ನಡ-ಇಂಗ್ಲಿಷ್ ಬೆರೆತ ಸಾಲುಗಳು, ಮಾತನ್ನು ಬರಹಕ್ಕಿಳಿಸಿದ ಪ್ರತಿಯಲ್ಲಿ ಅರ್ಧಕ್ಕೇ ನಿಂತಿದ್ದವು.

ಅಂಕಿ ತಪ್ಪಿದ ಮಾತ್ರಕ್ಕೆ ತೊಂದರೆಯೇ ಇಲ್ಲ ಎನ್ನುವಂತಿಲ್ಲ. ಮೂರು ಮೀಟಿಂಗ್‌ಗಳಿಂದ ತಲಾ 20 ನಿಮಿಷ ಆರಿಸಿ ಕೈಯಾರೆ ಗುರುತು ಹಾಕಲು ಹೇಳಲಾಯಿತು: ಮಾತಾಡಿದ್ದು ಯಾರು, ಯಾರ ನಂತರ, ಅದು ಸಲಹೆಯೋ ಪ್ರಶ್ನೆಯೋ ಒಪ್ಪಿಗೆಯೋ ಆಕ್ಷೇಪವೋ. (ಗುಂಪಿನ ಮಾತುಕತೆಯನ್ನು ಹೀಗೆ ವಿಂಗಡಿಸಲು ಸಮಾಜ ಮನೋವಿಜ್ಞಾನಿ ರಾಬರ್ಟ್ ಬೇಲ್ಸ್ 1950ರಲ್ಲಿ ಕೊಟ್ಟ ಪದ್ಧತಿಯಲ್ಲಿ 12 ವರ್ಗಗಳಿವೆ, ಕಚೇರಿಗೆ ನಾಲ್ಕು ಸಾಕು.) ಆಗ ಸಿಕ್ಕಿದ್ದು ಬೇರೆಯೇ ಸಂಗತಿ. ಆಕೆ ಕೊಟ್ಟ ಐದು ಸಲಹೆಗಳಲ್ಲಿ ನಾಲ್ಕರ ಬೆನ್ನಿಗೇ ಯಾರೋ ವಿಷಯ ಬದಲಿಸಿದ್ದರು. ಎರಡು ಸಲಹೆಗಳು ಮುಂದೆ ಇನ್ನೊಬ್ಬರ ಬಾಯಲ್ಲಿ ಬಂದು ಒಪ್ಪಿಗೆ ಪಡೆದಿದ್ದವು. ಮಾತಿನ ನಿಮಿಷ ಅಳೆಯುವ ಯಾವ ವರದಿಯೂ ಇದನ್ನು ತೋರಿಸದು.

ಲೀಡ್‌ಗೆ ಕೊಟ್ಟ ಸಲಹೆ ಇಷ್ಟು. ಅಪ್ರೈಸಲ್‌ನಲ್ಲಿ ಈ ಅಂಕಿ ಬೇಡವೇ ಬೇಡ. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅನಿತಾ ವುಲ್ಲಿ ಮತ್ತಿತರರ ಅಧ್ಯಯನದಲ್ಲಿ ಮಾತಿನ ಸರದಿ ಹೆಚ್ಚು ಸಮನಾಗಿ ಹಂಚಿದ್ದ ಗುಂಪುಗಳು ಒಟ್ಟಾಗಿ ಮಾಡುವ ಕೆಲಸಗಳಲ್ಲಿ ಮುಂದಿದ್ದವು, ನಿಜ. ಆದರೆ ಅದು ಗುಂಪಿನ ಗುಣ, ಒಬ್ಬರಿಗೆ ಹಾಕುವ ಅಂಕವಲ್ಲ. ದನಿಯಿಂದ ಭಾವ ಊಹಿಸುವ ಭಾಗವನ್ನು ಪೂರ್ತಿ ನಿಲ್ಲಿಸಿ. ಕೆಲಸದ ಜಾಗದಲ್ಲಿ ಇದನ್ನು ಯುರೋಪಿಯನ್ ಒಕ್ಕೂಟ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂಬುದನ್ನು ತಂಡಕ್ಕೆ ಮೊದಲೇ ತಿಳಿಸಿ. ಬೇಡ ಎನ್ನಲು ಅವಕಾಶವಿರಲಿ. ಸಾಧನ ಮುಂದುವರಿಸುವುದಾದರೆ ರೂಮಿನಲ್ಲೂ ಒಬ್ಬೊಬ್ಬರಿಗೆ ಒಂದು ಹೆಡ್‌ಸೆಟ್ ಕೊಡಿ, ಮಾತಾಡದಿದ್ದಾಗ ಮ್ಯೂಟ್ ಇರಲಿ. ಇಲ್ಲವಾದರೆ ಒಬ್ಬರ ದನಿ ಪಕ್ಕದವರ ಮೈಕಿಗೂ ಬಿದ್ದು ಇಬ್ಬರ ಹೆಸರಲ್ಲಿ ದಾಖಲಾಗುತ್ತದೆ.

ಮೀಟಿಂಗ್ ನಡೆಸುವ ರೀತಿಯನ್ನೂ ಬದಲಿಸಬೇಕಿತ್ತು: ಹಿಂದಿನ ದಿನವೇ ವಿಷಯಪಟ್ಟಿ, ನಿರ್ಧಾರಕ್ಕೆ ಮುಂಚೆ ಎಲ್ಲರೂ ಎರಡು ನಿಮಿಷ ಬರೆಯುವುದು, ಕಿರಿಯರಿಂದ ಸರದಿ, ಲೀಡ್ ಮಾತು ಕೊನೆಗೆ. ಸಲಹೆ ಬಂದ ಕೂಡಲೇ ಹೇಳಿದವರ ಹೆಸರಿನ ಸಮೇತ ಟಿಪ್ಪಣಿಗೆ ಸೇರಬೇಕು.

ಆರು ವಾರದ ನಂತರ ಬಂದಾಗ ಅವರ ದೂರು, ಮೀಟಿಂಗ್ ಹತ್ತು ನಿಮಿಷ ಉದ್ದವಾಗಿದೆ ಎಂದು. ಯಾರ ಕೆಲಸ ಎಲ್ಲಿಗೆ ಬಂತು ಎಂಬ ಸುತ್ತನ್ನು ಬರಹಕ್ಕೆ ಹಾಕಿಬಿಡಿ, ಅಷ್ಟು ಸಮಯ ಅಲ್ಲೇ ಉಳಿಯುತ್ತದೆ ಎಂದು ತಿಳಿಸಲಾಯಿತು.