ದಿನಾ ಇನ್‌ಹೇಲರ್ ತೆಗೆದುಕೊಂಡರೆ ಅಭ್ಯಾಸ ಆಗಿಬಿಡುತ್ತದಾ?

ಬೆಂಗಳೂರಿಗೆ ಬಂದಮೇಲೆ ರಾತ್ರಿ ಉಬ್ಬಸ ಬಂದು ಎಚ್ಚರ ಆಗುತ್ತದೆ, ಆಸ್ತಾಲಿನ್ ಇನ್‌ಹೇಲರ್ ಎಳೆದುಕೊಂಡರೆ ಸರಿಹೋಗುತ್ತದೆ, ಆದರೆ ದಿನಾ ತಗೊಂಡರೆ ಬಿಡೋಕಾಗಲ್ಲ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ, ಬೇರೆ ಔಷಧಿ ಇದೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಚಿಕ್ಕಂದಿನಿಂದ ಅಸ್ತಮಾ ಜೊತೆ ಬದುಕುತ್ತಿರುವವನು, ಅಷ್ಟೇ.

ಅಭ್ಯಾಸ ಆಗುವುದಿಲ್ಲ. ಆದರೆ ಆಸ್ತಾಲಿನ್ ಪದೇಪದೇ ಬೇಕಾಗುತ್ತಿದೆ ಅಂದರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತ ಅರ್ಥ. ಅದರಲ್ಲಿರುವುದು ಸಾಲ್ಬುಟಮಾಲ್. ಉಸಿರಿನ ನಾಳದ ಸುತ್ತ ಬಿಗಿದುಕೊಂಡ ಸ್ನಾಯುವನ್ನು ನಾಲ್ಕೈದು ಗಂಟೆ ಸಡಿಲ ಮಾಡುತ್ತದೆ. ನಾಳದ ಒಳಗಿನ ಊತ ಹಾಗೇ ಉಳಿಯುತ್ತದೆ. ಆ ಊತ ಇಳಿಸುವುದು ಸ್ಟೀರಾಯ್ಡ್ ಇರುವ ಇನ್‌ಹೇಲರ್, ಬುಡೆಸೊನೈಡ್ ಥರದ್ದು. ಅದನ್ನು ಚೆನ್ನಾಗಿದ್ದ ದಿನವೂ ತಗೋಬೇಕು. ನಮ್ಮ ಜನ ತಪ್ಪುವುದೇ ಇಲ್ಲಿ. ಬೇಗ ಆರಾಮ ಕೊಡುವುದನ್ನು ಇಟ್ಟುಕೊಂಡು, ನಿಧಾನಕ್ಕೆ ಊತ ಇಳಿಸುವುದನ್ನು ನಿಲ್ಲಿಸಿಬಿಡುತ್ತಾರೆ. ಗಿನಾ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ, ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡು ಇರಬೇಡಿ ಅಂತಲೇ ಹೇಳುತ್ತಿದೆ. ನಿಮಗೆ ಆಸ್ತಾಲಿನ್ ಒಂದನ್ನೇ ಬರೆದುಕೊಟ್ಟಿದ್ದರೆ ಎದೆ ರೋಗದ ಡಾಕ್ಟರ್ ಒಬ್ಬರನ್ನು ನೋಡಿ, ರಾತ್ರಿ ಎಚ್ಚರ ಆಗುವ ವಿಷಯ ಮರೆಯದೆ ಹೇಳಿ.

ಸ್ಟೀರಾಯ್ಡ್ ಅಂದ ಕೂಡಲೇ ಮನೆಯವರು ಗಾಬರಿ ಆಗುತ್ತಾರೆ, ಅಲ್ವಾ? ಅವರಿಗೆ ಈ ಲೆಕ್ಕ ತೋರಿಸಿ. ಮಾತ್ರೆ ಅಳೆಯುವುದು ಮಿಲಿಗ್ರಾಂನಲ್ಲಿ, ಇನ್‌ಹೇಲರ್ ಅಳೆಯುವುದು ಮೈಕ್ರೋಗ್ರಾಂನಲ್ಲಿ. ಸಾಲ್ಬುಟಮಾಲ್ ಸ್ಟೀರಾಯ್ಡ್ ಅಲ್ಲ, ಆದರೂ ಉದಾಹರಣೆಗೆ ನೋಡಿ: ಅದರದೇ 4 ಮಿಲಿಗ್ರಾಂ ಮಾತ್ರೆ ಬರುತ್ತದೆ, ಇನ್‌ಹೇಲರ್‌ನಲ್ಲಿ ಒಂದು ಪಫ್‌ಗೆ 100 ಮೈಕ್ರೋಗ್ರಾಂ. ನಲವತ್ತು ಪಟ್ಟು ವ್ಯತ್ಯಾಸ! ಆ ಮಾತ್ರೆ ಇಡೀ ಮೈಗೆ ಹೋಗುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಸ್ಟೀರಾಯ್ಡ್ ಪಫ್ ಆದಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು.

ಎಳೆದುಕೊಳ್ಳುವ ರೀತಿಯಲ್ಲೇ ಅರ್ಧ ಔಷಧಿ ಹಾಳಾಗುತ್ತದೆ. ಮೊದಲು ಚೆನ್ನಾಗಿ ಅಲ್ಲಾಡಿಸಿ. ಎದೆಯಲ್ಲಿರುವ ಗಾಳಿಯೆಲ್ಲ ಹೊರಗೆ ಬಿಡಿ, ಇನ್‌ಹೇಲರ್ ಬಾಯಿಗಿಟ್ಟು ಅದರ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ಉಸಿರು ಎಳೆಯೋಕೆ ಶುರು ಮಾಡುತ್ತಲೇ ಒತ್ತಿ, ಹಾಗೇ ನಿಧಾನಕ್ಕೆ ಎಳೆಯುತ್ತಾ ಹೋಗಿ, ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿದುಕೊಳ್ಳಿ. ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್‌ಗೆ ಇದು ಉಲ್ಟಾ, ಅದನ್ನು ಜೋರಾಗಿ ಎಳೀಬೇಕು. ಸ್ಪೇಸರ್, ಅಂದರೆ ಒತ್ತುವ ಇನ್‌ಹೇಲರ್‌ನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ತಗೊಳ್ಳಿ, ದೊಡ್ಡವರಿಗೂ ಬೇಕು. ಅದನ್ನು ಸೋಪು ನೀರಲ್ಲಿ ತೊಳೆದು ಸುಮ್ನೆ ಒಣಗೋಕೆ ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಟ್ಯಾಟಿಕ್ ಕರೆಂಟ್ ಹುಟ್ಟಿ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ. ಇನ್ನೊಂದು, ಡಬ್ಬಿ ಅಲ್ಲಾಡಿಸಿದಾಗ ಸದ್ದು ಬರುತ್ತದೆ ಅಂತ ಔಷಧಿ ಇದೆ ಅಂದುಕೊಳ್ಳಬೇಡಿ. ಔಷಧಿ ಮುಗಿದಮೇಲೂ ಗಾಳಿ ಪುಸ್ ಅನ್ನುತ್ತದೆ. ಎಷ್ಟು ಪಫ್ ಉಳಿದಿದೆ ಅಂತ ತೋರಿಸುವ ಕೌಂಟರ್ ಇಲ್ಲದಿದ್ದರೆ ಶುರು ಮಾಡಿದ ತಾರೀಖನ್ನು ಡಬ್ಬಿ ಮೇಲೆ ಬರೆದಿಡಿ.

ರಾತ್ರಿ ಜಾಸ್ತಿ ಅಂದಿರಿ. ರೂಮಿನಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತೀರಾ? ಮೊದಲು ಅದನ್ನು ಎಸೆದು ಪರದೆ ಕಟ್ಟಿ. ಪಿಜಿಯ ಹಳೇ ದಿಂಬು, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ ಇರುತ್ತವೆ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಹೂ ಬಿಟ್ಟಿದ್ದರೆ ಆ ಕಡೆಯ ಕಿಟಕಿ ಮುಚ್ಚಿಡಿ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ಕೆಲವರಿಗೆ ಉಬ್ಬಸ ಕೆರಳುತ್ತದೆ, ಕೇಳದೆ ತಗೋಬೇಡಿ.

ಇದ್ದಕ್ಕಿದ್ದಂತೆ ಜಾಸ್ತಿ ಆದರೆ ನೆಟ್ಟಗೆ ಕೂತ್ಕೊಳ್ಳಿ, ಮಲಗಬೇಡಿ. ಸ್ಪೇಸರ್‌ನಲ್ಲಿ ಆಸ್ತಾಲಿನ್ ಒಂದೊಂದೇ ಪಫ್‌ನಂತೆ ನಾಲ್ಕು ಪಫ್ ತಗೊಳ್ಳಿ, 20 ನಿಮಿಷಕ್ಕೂ ಇಳಿಯದಿದ್ದರೆ ಮತ್ತೆ ತಗೊಂಡು ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ 20 ನಿಮಿಷ ಕಾಯುವ ಮಾತೇ ಇಲ್ಲ, ತಕ್ಷಣ 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೂ ಪಫ್ ಎಳೆದುಕೊಳ್ಳುತ್ತಿರಿ.

ಬೇರೆ ಔಷಧಿ ವಿಷಯ. ಹೈದರಾಬಾದ್‌ನಲ್ಲಿ ಜೂನ್ ತಿಂಗಳು ಮೃಗಶಿರಾ ಹೊತ್ತಿಗೆ ಬತ್ತಿನಿ ಕುಟುಂಬದವರು ಜೀವಂತ ಮರಿಮೀನಿನ ಬಾಯಲ್ಲಿ ಔಷಧಿ ಇಟ್ಟು ನುಂಗಿಸುತ್ತಾರೆ. ಅದರಿಂದ ಅಸ್ತಮಾ ವಾಸಿ ಆಗುತ್ತದೆ ಅನ್ನೋಕೆ ವೈದ್ಯಕೀಯ ಪುರಾವೆ ಇಲ್ಲ. ಪ್ರಾಣಾಯಾಮ ಮಾಡಿ, ನಾನೂ ಮಾಡುತ್ತೇನೆ, ಉಸಿರು ಸಿಗದೆ ಗಾಬರಿ ಆದಾಗ ಉಪಯೋಗಕ್ಕೆ ಬರುತ್ತದೆ. ಮನೆಯವರ ಸಮಾಧಾನಕ್ಕೆ ಬೇಕಾದರೆ ಕಷಾಯವನ್ನೂ ಕುಡಿಯಿರಿ. ಇದ್ಯಾವುದಕ್ಕೋಸ್ಕರವೂ ದಿನದ ಇನ್‌ಹೇಲರ್ ನಿಲ್ಲಿಸಬೇಡಿ. ಕೆಲವು ತಿಂಗಳು ಚೆನ್ನಾಗಿದ್ದರೆ ಡೋಸ್ ಕಮ್ಮಿ ಮಾಡೋಣ ಅಂತ ಡಾಕ್ಟರೇ ಹೇಳುತ್ತಾರೆ.