ನಿಂತಾಗ ನಡುಗುವ, ಒತ್ತಿದಾಗ ತಡವರಿಸುವ ಹಳೆಯ ಪಿಕಪ್: ಮುಂದೆ ಯಾವ ಭಾಗ ಬದಲಾಯಿಸಲಿ?

ಇಪ್ಪತ್ತು ವರ್ಷ ಹಳೆಯ ಪೆಟ್ರೋಲ್ ಪಿಕಪ್, ಪ್ಲಗ್ ಹೊಸದು, ಚೆಕ್ ಎಂಜಿನ್ ದೀಪವನ್ನು ಎರಡು ಬಾರಿ ಅಳಿಸಿಯಾಗಿದೆ, ಮುಂದೆ ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಫ್ಯುಯೆಲ್ ಪಂಪೋ, ಅದನ್ನು ಎಂಜಿನ್ನಿಗೆ ಚಿಮುಕಿಸುವ ಇಂಜೆಕ್ಟರೋ ಎಂದು ಕೇಳಿದ್ದೀರಿ. ಎರಡೂ ಬೇಡ. ಇದೇ ಪ್ರಶ್ನೆಯನ್ನು ಎಂಟು ತಿಂಗಳು ಹೊತ್ತು ತಿರುಗಿದವನು ನಾನು. ಆ ಎಂಟು ತಿಂಗಳಲ್ಲಿ ಪಂಪನ್ನೂ ಬದಲಾಯಿಸಿದೆ, ಇಂಜೆಕ್ಟರುಗಳನ್ನೂ ಬಿಚ್ಚಿದೆ. ದೋಷ ಎರಡರಲ್ಲೂ ಇರಲಿಲ್ಲ.

ನನ್ನದು ಮರಗೆಲಸ. ಹಲಗೆ, ಚೌಕಟ್ಟು, ಯಂತ್ರ ಎಲ್ಲವೂ ಆ ಪಿಕಪ್‌ನ ಬೆನ್ನ ಮೇಲೆಯೇ ಹೋಗಬೇಕು. ಆರು ಸಿಲಿಂಡರಿನ ವಿ ಆಕಾರದ ಎಂಜಿನ್. ಮೊದಲು ಬಂದದ್ದು ನಡುಕ. ಸಿಗ್ನಲ್ಲಿನಲ್ಲಿ ನಿಂತರೆ ಕನ್ನಡಿಯಲ್ಲಿನ ಬಿಂಬ ಅಲ್ಲಾಡುವಷ್ಟು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳು 700ರ ಹತ್ತಿರ ನೆಟ್ಟಗೆ ನಿಲ್ಲದೆ 550ಕ್ಕೆ ಇಳಿದು ಮತ್ತೆ ಏರುತ್ತಿತ್ತು. ಆಮೇಲೆ ಎರಡನೆಯ ಲಕ್ಷಣ: ನಿಂತಲ್ಲಿಂದ ಹೊರಡಲು ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ಏನೂ ಆಗುವುದಿಲ್ಲ, ಉಸಿರು ಹಿಡಿದಂತೆ ಇದ್ದು ಆಮೇಲೆ ಎಳೆಯುತ್ತದೆ. ಹಲಗೆ ಹೇರಿಕೊಂಡು ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ನುಗ್ಗುವಾಗ ಆ ಒಂದು ಗಳಿಗೆ ಎಷ್ಟು ದೊಡ್ಡದೆಂದು ನಿಮಗೂ ಗೊತ್ತಿರಬೇಕು.

ಕೆಲವು ವಾರಗಳಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿತು. ಎಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷಸಂಕೇತ ಓದುವ ಸ್ಕ್ಯಾನರ್ ಹಾಕಿ ನೋಡಿದಾಗ ಎರಡು ಕೋಡ್: ಪಿ0171 ಮತ್ತು ಪಿ0174. ಎಂಜಿನ್‌ನ ಎರಡೂ ಬದಿಯ ಸಿಲಿಂಡರುಗಳಲ್ಲಿ ಮಿಶ್ರಣ ತೆಳುವಾಗಿದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅವುಗಳ ಅರ್ಥ. ಮಿಶ್ರಣವನ್ನು ಅಳೆಯುವುದು ಆಕ್ಸಿಜನ್ ಸೆನ್ಸರ್, ಹಾಗಾಗಿ ಸೆನ್ಸರ್ ಕೆಟ್ಟಿದೆ ಎಂದು ನಾನು ತೀರ್ಮಾನಿಸಿದೆ. ತೆಳುವಾಗಿದೆ ಎಂದು ಹೇಳಿದವನನ್ನೇ ಸುಳ್ಳುಗಾರ ಎಂದಂತಾಯಿತು. ಎರಡು ಬದಿಯ ಎರಡು ಸೆನ್ಸರ್ ಒಂದೇ ವಾರ ಕೆಡುವುದು ತೀರಾ ಅಪರೂಪ ಎಂಬುದು ಆಗ ಹೊಳೆಯಲಿಲ್ಲ. ಎರಡೂ ಬದಿ ಒಟ್ಟಿಗೆ ತೆಳುವಾಗಿದ್ದರೆ, ಎರಡೂ ಬದಿಗೆ ಸಮಾನವಾದ ಯಾವುದೋ ಒಂದು ಕಡೆ ತೊಂದರೆ ಇದೆ ಎಂದು ಓದಿಕೊಳ್ಳಬೇಕಿತ್ತು.

ಆದರೂ ನಾನು ತಪ್ಪು ಎಂದು ಕರೆಯುವುದು ಸೆನ್ಸರ್ ಕೊಂಡದ್ದನ್ನಲ್ಲ. ಅದಕ್ಕಿಂತ ಮೊದಲು, ಸ್ಕ್ಯಾನರ್ ಕೈಯಲ್ಲಿದ್ದಾಗಲೇ ಮಾಡಿದ್ದನ್ನು. ಕೋಡ್ ಓದಿದೆ, ಕಾಗದದ ಮೇಲೆ ಬರೆದುಕೊಂಡೆ, ಅಳಿಸುವ ಗುಂಡಿ ಒತ್ತಿದೆ. ನೀವೂ ಎರಡು ಬಾರಿ ಒತ್ತಿದ್ದೀರಿ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ, ಏಕೆಂದರೆ ನನ್ನ ಎಂಟು ತಿಂಗಳು ಹೋದದ್ದು ಇಲ್ಲಿಯೇ.

ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್‌ನ ಕಂಪ್ಯೂಟರ್ ಇನ್ನೊಂದು ಕೆಲಸವನ್ನೂ ಮಾಡಿರುತ್ತದೆ. ಆ ಕ್ಷಣದ ಅಂಕಿಗಳನ್ನು ಒಂದು ಫೋಟೋದಂತೆ ಹಿಡಿದಿಡುತ್ತದೆ: ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿತ್ತು, ಗಾಡಿಯ ವೇಗ ಎಷ್ಟು, ಎಂಜಿನ್ ತಂಪಾಗಿಸುವ ಕೂಲಂಟ್ ಎಷ್ಟು ಬಿಸಿ, ಎಂಜಿನ್ ಮೇಲೆ ಭಾರ ಎಷ್ಟು, ಮಿಶ್ರಣವನ್ನು ಸರಿಪಡಿಸಲು ಕಂಪ್ಯೂಟರ್ ಎಷ್ಟು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಿತ್ತು. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕೋಡ್ ಅಳಿಸಿದರೆ ಇದೂ ಅಳಿಯುತ್ತದೆ. ಹಳೆಯ ಗಾಡಿಗಳಲ್ಲಿ ಬಹುಪಾಲು ಬ್ಯಾಟರಿ ತಂತಿ ಬಿಚ್ಚಿದರೂ ಅಳಿಯುತ್ತದೆ. ನಾನು ಪ್ರತಿ ಬಾರಿ ಭಾಗ ಬದಲಾಯಿಸುವಾಗಲೂ ಸುರಕ್ಷತೆಗೆಂದು ಬ್ಯಾಟರಿ ಬಿಚ್ಚುತ್ತಿದ್ದೆ. ಹೀಗೆ ಐದು ಬಾರಿ ದೀಪ ಹೊತ್ತಿತು, ಐದು ಬಾರಿಯೂ ಸಾಕ್ಷ್ಯವನ್ನು ನನ್ನ ಕೈಯಾರೆ ಒರೆಸಿಹಾಕಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಳಿಸಿದ ಮೇಲೆ ದೀಪ ಕೂಡಲೇ ಮತ್ತೆ ಹೊತ್ತುವುದಿಲ್ಲ. ಈ ಬಗೆಯ ದೋಷಕ್ಕೆ ಕಂಪ್ಯೂಟರ್ ಒಂದು ಓಡಾಟದಲ್ಲಿ ಕಂಡದ್ದನ್ನು ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ದೀಪ ಹೊತ್ತಿಸುತ್ತದೆ. ಅದಕ್ಕೂ ಮೊದಲು ತಾನು ಮರೆತ ತಿದ್ದುಪಡಿಯ ಲೆಕ್ಕವನ್ನು ಹೊಸದಾಗಿ ಕಲಿಯಬೇಕು. ನನ್ನ ಓಡಾಟ ಹೆಚ್ಚಾಗಿ ಹತ್ತಿರದ್ದು, ಎಂಜಿನ್ ಪೂರ್ತಿ ಬಿಸಿಯಾಗುವಷ್ಟರಲ್ಲಿ ಕೆಲಸದ ಜಾಗ ಬಂದಿರುತ್ತಿತ್ತು. ಹಾಗಾಗಿ ಒಂದೊಂದು ಬಾರಿಯೂ ನಾಲ್ಕೈದು ದಿನ ದೀಪವಿಲ್ಲದೆ ಕಳೆಯುತ್ತಿತ್ತು. ಆ ನಾಲ್ಕೈದು ದಿನ ನಾನು ಏನೆಂದುಕೊಳ್ಳುತ್ತಿದ್ದೆ? ಹೊಸ ಭಾಗ ಕೆಲಸ ಮಾಡಿತು ಎಂದು. ನಡುಕ ಕೂಡ ಕಡಿಮೆಯಾದಂತೆ ಅನಿಸುತ್ತಿತ್ತು. ದುಡ್ಡು ಸುರಿದು ಹಾಕಿಸಿದ ಮೇಲೆ ಕಡಿಮೆಯಾಗಿದೆ ಎಂದೇ ಮನಸ್ಸು ಹೇಳುತ್ತದೆ. ದೀಪ ಮತ್ತೆ ಹೊತ್ತಿದಾಗ, ‘ಸರಿ, ಸೆನ್ಸರ್ ಅರ್ಧ ಕಾರಣ, ಉಳಿದರ್ಧ ಇನ್ನೊಂದರಲ್ಲಿದೆ’ ಎಂದುಕೊಂಡು ಮುಂದಿನದಕ್ಕೆ ಹೋಗುತ್ತಿದ್ದೆ. ಸೆನ್ಸರ್ ಆಯಿತು, ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ಗಳಾದವು, ಇಂಜೆಕ್ಟರುಗಳನ್ನು ಬಿಚ್ಚಿ ತೊಳೆಸಿದ್ದಾಯಿತು. ಕೊನೆಗೆ ಪೆಟ್ರೋಲ್ ಟ್ಯಾಂಕ್ ಇಳಿಸಿ ಪಂಪ್. ಇಡೀ ದಿನ ಗಾಡಿಯ ಕೆಳಗೆ ಅಂಗಾತ ಮಲಗಿ, ತುಕ್ಕು ಹಿಡಿದ ಪಟ್ಟಿಗಳ ಜೊತೆ ಗುದ್ದಾಡಿ ಹಾಕಿದ ಪಂಪ್. ಐದನೆಯ ದಿನ ದೀಪ ಹೊತ್ತಿತು.

ಗಾಡಿಯನ್ನು ಮಾರಿಬಿಡುವ ಯೋಚನೆಯಲ್ಲಿದ್ದಾಗ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆ. ಬದಲಾಯಿಸಿದ ಭಾಗಗಳ ಪಟ್ಟಿಯನ್ನೆಲ್ಲ ಒಪ್ಪಿಸಿದೆ. ಅವರು ಬಾನೆಟ್ ಎತ್ತಲಿಲ್ಲ. ಒಂದೇ ಮಾತು ಕೇಳಿದರು: "ದೀಪ ಹೊತ್ತಿದಾಗ ಗಾಡಿ ನಿಂತಿತ್ತೋ, ಓಡುತ್ತಿತ್ತೋ?"

ನನ್ನ ಬಳಿ ಉತ್ತರವಿರಲಿಲ್ಲ.

"ಹಾಗಾದರೆ ಇವತ್ತು ಏನೂ ಮುಟ್ಟುವುದಿಲ್ಲ. ಮತ್ತೆ ಹೊತ್ತಲಿ. ಅಳಿಸದೆ ಹಾಗೆಯೇ ತನ್ನಿ" ಎಂದು ಕಳಿಸಿದರು.

ಆರು ದಿನಕ್ಕೆ ಹೊತ್ತಿತು. ಹಾಗೆಯೇ ಒಯ್ದೆ. ಫ್ರೀಜ್ ಫ್ರೇಮ್‌ನಲ್ಲಿ ಇದ್ದದ್ದು ಇಷ್ಟು: ವೇಗ ಸೊನ್ನೆ, 640 ಆರ್‌ಪಿಎಂ, ಕೂಲಂಟ್ 89 ಡಿಗ್ರಿ, ದೀರ್ಘಾವಧಿ ಫ್ಯುಯೆಲ್ ಟ್ರಿಮ್, ಅಂದರೆ ಪೆಟ್ರೋಲಿನ ತಿದ್ದುಪಡಿಯ ಶೇಕಡಾ ಲೆಕ್ಕ, ಒಂದು ಬದಿ +24, ಇನ್ನೊಂದು ಬದಿ +23. ಗಾಡಿ ನಿಂತಿತ್ತು, ಎಂಜಿನ್ ಬಿಸಿಯಾಗಿತ್ತು, ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ 24ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತಿತ್ತು. ಸಾಮಾನ್ಯವಾಗಿ ಈ ಅಂಕಿ ಸೊನ್ನೆಯಿಂದ ಆಚೀಚೆ 10ರೊಳಗೆ ಇರಬೇಕು. ಆಮೇಲೆ ಅವರು ಗಾಡಿಯನ್ನು ನಿಂತಲ್ಲಿಯೇ 2500 ಆರ್‌ಪಿಎಂಗೆ ಏರಿಸಿ ಹಿಡಿದುಕೊಳ್ಳಲು ಹೇಳಿದರು. ಪರದೆಯ ಮೇಲಿನ ಟ್ರಿಮ್ ಮೆಲ್ಲಗೆ ಇಳಿಯುತ್ತ 6ಕ್ಕೆ ಬಂದು ನಿಂತಿತು. ಕಾಲು ತೆಗೆದೆ, ಮತ್ತೆ 20 ದಾಟಿತು. "ಗಾಳಿ ಸೋರುತ್ತಿದೆ" ಎಂದರು. ರೋಗ ಹಿಡಿಯಲು ಹಿಡಿದದ್ದು ಹತ್ತು ನಿಮಿಷ.

ಅದು ಹೇಗೆಂದರೆ, ಗಾಡಿ ನಿಂತು ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ ಅದು ಉಸಿರಾಡುವ ಗಾಳಿ ತೀರಾ ಸ್ವಲ್ಪ. ಗಾಳಿಯ ಬಾಗಿಲಾದ ಥ್ರಾಟಲ್ ಬಹುಪಾಲು ಮುಚ್ಚಿರುವುದರಿಂದ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್ ಒಳಗೆ ಹೀರುವ ಒತ್ತಡ ಆಗಲೇ ಜೋರು. ಎಲ್ಲೋ ಒಂದು ಬಿರುಕಿದ್ದರೆ, ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ನುಗ್ಗುತ್ತದೆ, ಒಟ್ಟು ಗಾಳಿಯಲ್ಲಿ ಅದರ ಪಾಲು ದೊಡ್ಡದಾಗುತ್ತದೆ. 2500ರಲ್ಲಿ ಎಂಜಿನ್ ಹಲವು ಪಟ್ಟು ಗಾಳಿ ಎಳೆಯುವಾಗ ಅದೇ ಬಿರುಕಿನ ಪಾಲು ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ಪಂಪ್ ಸೊರಗಿದ್ದರೆ ಇದು ತಿರುಗುಮುರುಗು: ನಿಂತಾಗ ಬೇಕಾಗುವುದೇ ಒಂದಿಷ್ಟು ಪೆಟ್ರೋಲ್, ಅಷ್ಟನ್ನು ಸೊರಗಿದ ಪಂಪೂ ಪೂರೈಸುತ್ತದೆ, ಭಾರ ಎಳೆಯುವಾಗ, ಏರು ಹತ್ತುವಾಗ ಟ್ರಿಮ್ ಮೇಲೇರುತ್ತದೆ. ನಾನು ಟ್ಯಾಂಕ್ ಇಳಿಸುವ ಮೊದಲು ಈ ಒಂದು ಅಂಕಿ ನೋಡಿದ್ದರೆ ಸಾಕಿತ್ತು.

ಬಿರುಕು ಸಿಕ್ಕಿದ್ದು ಎಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಮೊಣಕೈ ಆಕಾರದ ರಬ್ಬರ್ ಪೈಪಿನಲ್ಲಿ. ಎಂಜಿನ್‌ನ ಹಿಂಬದಿಯಲ್ಲಿ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ಮೇಲಿನಿಂದ ನೋಡಿದರೆ ಕಪ್ಪಗೆ, ಗಟ್ಟಿಯಾಗಿ, ಏನೂ ಆಗದಂತೆ ಕಾಣುತ್ತಿತ್ತು. ಅವರು ನನ್ನ ಕೈ ಹಿಡಿದು ಬೆರಳನ್ನು ಅದರ ಕೆಳಭಾಗಕ್ಕೆ ತಾಗಿಸಿದರು. ಅಲ್ಲಿ ರಬ್ಬರ್ ವರ್ಷಗಟ್ಟಲೆ ಆಯಿಲ್ ಆವಿ ಕುಡಿದು ನೆನೆದ ಚರ್ಮದಂತೆ ಮೆತ್ತಗಾಗಿತ್ತು. ಬಾಗಿದ ಕಡೆ ಉಗುರಿನಷ್ಟು ಉದ್ದದ ಸೀಳು, ಬೆರಳ ತುದಿಯನ್ನು ಒಳಕ್ಕೆ ಎಳೆದುಕೊಂಡಿತು. ಅಷ್ಟು ಹೊತ್ತು ಎಂಜಿನ್ ಸದ್ದಿನೊಳಗೆ ಬೆರೆತಿದ್ದ ಸಣ್ಣ ಸುಯ್ಯೆನ್ನುವ ಸದ್ದು ನಿಂತಿತು. ನಿಂತ ಮೇಲೆಯೇ ಅದು ಇತ್ತೆಂದು ಗೊತ್ತಾದದ್ದು. ಒಂದೆರಡು ಕ್ಷಣದಲ್ಲಿ ಬಾನೆಟ್ ಅಂಚಿಗೆ ಒರಗಿದ್ದ ನನ್ನ ಹೊಟ್ಟೆಗೆ ತಟ್ಟುತ್ತಿದ್ದ ನಡುಕವೂ ನಿಂತಿತು. ಬೆರಳು ತೆಗೆದೆ, ಮತ್ತೆ ಶುರು. ಮತ್ತೆ ಇಟ್ಟೆ. ಎಂಟು ತಿಂಗಳ ರೋಗ ನನ್ನ ಬೆರಳ ಕೆಳಗಿತ್ತು. ಇಂಜೆಕ್ಟರ್ ಬಿಚ್ಚುವಾಗ ಇದೇ ಪೈಪನ್ನು ನಾನೇ ಪಕ್ಕಕ್ಕೆ ಸರಿಸಿ ಇಟ್ಟಿದ್ದೆ.

ಪೈಪ್ ಬದಲಾಯಿಸಿದ ಮೇಲೆ ನಿಂತಾಗಿನ ಟ್ರಿಮ್ ಕೆಲವೇ ದಿನದಲ್ಲಿ 3ಕ್ಕೆ ಇಳಿಯಿತು. ತಡವರಿಕೆಯೂ ಅದರೊಂದಿಗೇ ಹೋಯಿತು. ಆಕ್ಸಿಲರೇಟರ್ ಒತ್ತಿದ ಮೊದಲ ಗಳಿಗೆಯಲ್ಲಿ ಮಿಶ್ರಣ ದಪ್ಪವಾಗಬೇಕು. ಮೊದಲೇ ತೆಳುವಾಗಿದ್ದ ಎಂಜಿನ್ ಅಲ್ಲಿ ಮುಗ್ಗರಿಸುತ್ತಿತ್ತು, ಅಷ್ಟೇ.

ಈಗ ನಿಮ್ಮ ಗಾಡಿಗೆ ಬರುತ್ತೇನೆ. ನಿಮ್ಮದೂ ಅದೇ ಪೈಪ್ ಎಂದು ನಾನು ಹೇಳುತ್ತಿಲ್ಲ. ನನ್ನ ಕಥೆ ಓದಿ ಪೈಪ್ ಕೊಂಡರೆ ನಾನು ಮಾಡಿದ್ದನ್ನೇ ನೀವೂ ಮಾಡಿದಂತೆ. ‘ಮುಂದೆ ಯಾವ ಭಾಗ’ ಎಂಬ ಪ್ರಶ್ನೆಯನ್ನೇ ಕೈಬಿಡಿ. ‘ಯಾವಾಗ ಆಗುತ್ತದೆ’ ಎಂದು ಕೇಳಿಕೊಳ್ಳಿ: ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಾಗ ಮಾತ್ರವೋ ಏರಿನಲ್ಲೂ ಇದೆಯೋ. ‘ವಯಸ್ಸಾದ ಗಾಡಿ, ಇಷ್ಟಾದರೂ ನಡುಗಬೇಕಲ್ಲ’ ಎಂದೂ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದೇ ಇಲ್ಲ. ವಯಸ್ಸು ರಬ್ಬರನ್ನು ಸೀಳುತ್ತದೆ, ಗ್ಯಾಸ್ಕೆಟನ್ನು ಒಣಗಿಸುತ್ತದೆ, ಕನೆಕ್ಟರಿಗೆ ಕಿಲುಬು ಹಿಡಿಸುತ್ತದೆ. ಪ್ರತಿಯೊಂದಕ್ಕೂ ಜಾಗವಿದೆ, ಹೆಸರಿದೆ. ಬರೀ ವಯಸ್ಸಿಗೆ ಯಾವ ಎಂಜಿನ್ನೂ ನಡುಗುವುದಿಲ್ಲ.

ಟ್ರಿಮ್ ನಿಂತಾಗ ಹೆಚ್ಚಿ ರೇಸ್ ಮಾಡಿದಾಗ ಇಳಿದರೆ ಸೋರಿಕೆ ಹುಡುಕಿ: ವ್ಯಾಕ್ಯೂಮ್ ಪೈಪುಗಳು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿಗೆ ಹೋಗುವ ಪೈಪ್, ಏರ್ ಫಿಲ್ಟರಿನಿಂದ ಥ್ರಾಟಲಿಗೆ ಬರುವ ಮಡಿಕೆ ಮಡಿಕೆಯಾದ ರಬ್ಬರ್ ನಳಿಕೆ. ಈ ಕೊನೆಯದನ್ನು ಕೈಯಲ್ಲಿ ಹಿಗ್ಗಿಸಿಯೇ ನೋಡಬೇಕು. ಅದರ ಬಿರುಕು ಮಡಿಕೆಯೊಳಗೆ ಅಡಗಿರುತ್ತದೆ, ಎಂಜಿನ್ ಜಗ್ಗಿದಾಗಷ್ಟೇ ಬಾಯಿ ಬಿಡುತ್ತದೆ. ಉರಿಯುವ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ಉಪಾಯವನ್ನು ಹಲವರು ಹೇಳುತ್ತಾರೆ. ಕಾದ ಎಗ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಯ ಆಟ, ನಾನು ಯಾರಿಗೂ ಹೇಳುವುದಿಲ್ಲ. ಹೊಗೆ ಹಾಯಿಸಿ ನೋಡುವ ಯಂತ್ರವಿರುವ ಕಡೆ ಒಯ್ಯಿರಿ. ಇಲ್ಲವಾದರೆ ಉದ್ದನೆಯ ತೆಳು ಪೈಪಿನ ಒಂದು ತುದಿ ಕಿವಿಗಿಟ್ಟು, ತಿರುಗುವ ಬೆಲ್ಟ್ ಮತ್ತು ಫ್ಯಾನಿನಿಂದ ದೂರವಿದ್ದು, ಇನ್ನೊಂದು ತುದಿಯನ್ನು ಒಂದೊಂದು ಜೋಡಣೆಯ ಹತ್ತಿರ ಒಯ್ದು ಆಲಿಸಿ.

ಒಂದು ಎಚ್ಚರಿಕೆ. ಈ ಟ್ರಿಮ್ ಲೆಕ್ಕ ಗಾಳಿಯನ್ನು ನೇರವಾಗಿ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಎಂಜಿನ್‌ಗೆ ಚೆನ್ನಾಗಿ ಹೊಂದುತ್ತದೆ. ಮ್ಯಾನಿಫೋಲ್ಡ್ ಒತ್ತಡವನ್ನಷ್ಟೇ ಅಳೆಯುವ ಎಂಜಿನ್‌ಗಳಲ್ಲಿ ಸೋರಿಕೆಯಾದರೆ ಮಿಶ್ರಣ ಅಷ್ಟಾಗಿ ತೆಳುವಾಗದೆ ನಿಂತಾಗಿನ ಎಂಜಿನ್ ವೇಗವೇ ಏರಬಹುದು. ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ.

ಟ್ರಿಮ್ ಎಲ್ಲ ಕಡೆ ಸರಿಯಿದ್ದೂ ನಿಂತಾಗ ನಡುಗಿದರೆ ಬೇರೆ ದಾರಿ. ಎಗ್ಸಾಸ್ಟ್ ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಹಾಗಾಗುತ್ತದೆ. ಪಿ0302ರಂತಹ, ಒಂದೇ ಸಿಲಿಂಡರಿನಲ್ಲಿ ಮಿಶ್ರಣ ಸರಿಯಾಗಿ ಉರಿಯುತ್ತಿಲ್ಲ ಎನ್ನುವ ಮಿಸ್‌ಫೈರ್ ಕೋಡ್ ಇದ್ದು, ಪ್ಲಗ್‌ಗೊಂದು ಕಾಯಿಲ್ ಇರುವ ಎಂಜಿನ್ ಆದರೆ, ಎರಡನೆಯ ಸಿಲಿಂಡರಿನ ಕಾಯಿಲನ್ನು ನಾಲ್ಕನೆಯದಕ್ಕೆ ಅದಲುಬದಲು ಮಾಡಿ. ಕೋಡ್ ಪಿ0304 ಆದರೆ ಕಾಯಿಲ್ ದೋಷ, ಅಲ್ಲಿಯೇ ಉಳಿದರೆ ಅಲ್ಲ. ಅಲ್ಲಿಯೇ ಉಳಿದರೆ ಪ್ಲಗ್ಗನ್ನೂ ಹಾಗೆಯೇ ಅದಲುಬದಲು ಮಾಡಿ ನೋಡಿ, ಆಮೇಲೆ ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್ ಅಳೆಯಿರಿ. ಇಂಜೆಕ್ಟರ್ ಸರದಿ ಅದಾದ ಮೇಲೆ.

ಸ್ಕ್ಯಾನರ್ ಇಲ್ಲವೆಂದರೆ ಮೊದಲು ಕೊಳ್ಳಬೇಕಾದ್ದು ಅದನ್ನೇ, ಓಡುತ್ತಿರುವ ಎಂಜಿನ್‌ನ ಅಂಕಿ ತೋರಿಸುವಂಥದ್ದು. ಬರೀ ಕೋಡ್ ಓದುವುದು ಸಾಲದು. ಈಗ ದೀಪ ಹೊತ್ತಿದ್ದರೆ ಗುಂಡಿ ಒತ್ತಬೇಡಿ, ಬ್ಯಾಟರಿ ಬಿಚ್ಚಬೇಡಿ. ಹೊತ್ತಿಲ್ಲದಿದ್ದರೆ ಹೊತ್ತುವವರೆಗೆ ಕಾಯಿರಿ. ಆದರೆ ದೀಪ ಮಿನುಗಲು ಶುರುವಾದರೆ ಕಾಯುವುದಲ್ಲ, ಗಾಡಿ ನಿಲ್ಲಿಸಿ. ಅದು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುವಷ್ಟು ಮಿಸ್‌ಫೈರ್ ಆಗುತ್ತಿರುವ ಸೂಚನೆ. ಫ್ರೀಜ್ ಫ್ರೇಮ್‌ನ ಎಲ್ಲ ಸಾಲುಗಳನ್ನು, ಎಂಜಿನ್ ಬಿಸಿಯಾದ ಮೇಲೆ ಗಾಡಿ ನಿಂತಾಗಿನ ಮತ್ತು 2500ರಲ್ಲಿನ ಎರಡೂ ಬದಿಯ ಟ್ರಿಮ್ಮನ್ನು ಇಲ್ಲಿ ಬರೆಯಿರಿ. ನಾನು ದಿನವೂ ನೋಡುತ್ತಿರುತ್ತೇನೆ. ಆ ಅಂಕಿಗಳು ಬರುವ ತನಕ ಪಂಪ್ ಇದ್ದಲ್ಲೇ ಇರಲಿ.